ನಂದಿಬಟ್ಲು ಮಲ್ಲಿಗೆ ಜಾತಿನಾ?

ಪ್ರಶ್ನೆ: ನರ್ಸರಿಲಿ ಕ್ರೇಪ್ ಜಾಸ್ಮಿನ್ ಅಂತ ಲೇಬಲ್ ಇತ್ತು, ಮಲ್ಲಿಗೆಲೇ ಯಾವ್ದೋ ಹೊಸ ವೆರೈಟಿ ಅನ್ಕೊಂಡು ತಂದೆ, ಹೂ ಬಿಟ್ಮೇಲೆ ನೋಡಿದ್ರೆ ನಂದಿಬಟ್ಲು! ಇದೂ ಮಲ್ಲಿಗೆ ಜಾತಿನಾ?

ಉತ್ತರ: ಖಂಡಿತ ಅಲ್ಲ. ಎರಡೂ ಬಿಳಿ ಹೂವೇ, ಎರಡರಲ್ಲೂ ಎಲೆ ಎದುರುಬದುರು ಜೋಡಿಯಾಗೇ ಬರತ್ತೆ, ಹಾಗಾಗಿ ಹೂ ಬಿಡೋವರ್ಗೂ ಗೊತ್ತಾಗ್ದೆ ಇರೋದು ಸಹಜ, ಆದ್ರೆ ಒಂದು ಎಲೆ ಕಿತ್ತು ತೊಟ್ಟು ನೋಡಿ, ನಂದಿಬಟ್ಲಲ್ಲಿ ಬಿಳಿ ಹಾಲು ಜಿನುಗತ್ತೆ, ಮಲ್ಲಿಗೆಲಿ ಬರಲ್ಲ (ಹಾಲು ಕಣ್ಣಿಗೆ ತಾಗ್ದೆ ಇರೋ ಹಾಗೆ ನೋಡ್ಕೊಳಿ, ಕೈ ತೊಳೀರಿ). ಆಮೇಲೆ ಒಂದೇ ಸುತ್ತು ಎಸಳಿರೋ ಹೂವು ಸಿಕ್ರೆ ಅದ್ರ ಕೊಳವೆನ ಉದ್ದಕ್ಕೆ ಸೀಳಿ, ಮಲ್ಲಿಗೆಗೆ ಕೇಸರ (ಪರಾಗ ಬಿಡೋ ಗಂಡು ಭಾಗ) ಎರಡೇ, ನಂದಿಬಟ್ಲಿಗೆ ಐದು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೂಗಿಡಗಳನ್ನ ವಿಂಗಡಿಸಿದ್ದೇ ಹೀಗೆ ಕೇಸರ ಎಣಿಸಿ, ಮೊದಲು ಕುಲ (ಹತ್ತಿರದ ನೆಂಟರ ಗುಂಪು) ಆಮೇಲೆ ಪ್ರಭೇದ (ಆ ಗುಂಪಲ್ಲಿ ಒಂದು ಬಗೆ) ಅಂತ ಎರಡೇ ಪದದಲ್ಲಿ ಹೆಸರಿಡೋ ಪದ್ಧತಿ ಗಟ್ಟಿಯಾಗಿದ್ದೂ 1753ರಲ್ಲಿ ಬಂದ ಅವರ ಪುಸ್ತಕದಿಂದ. ದುಂಡುಮಲ್ಲಿಗೆ ಜಾಸ್ಮಿನಮ್ ಸಂಬಕ್, ನಂದಿಬಟ್ಲು ಟ್ಯಾಬರ್ನೆಮೊಂಟಾನ ಡೈವರಿಕೇಟ, ಕುಲ ಬಿಡಿ, ಅದಕ್ಕಿಂತ ದೊಡ್ಡ ಗುಂಪಾದ ಕುಟುಂಬನೇ ಬೇರೆ. ನಂದಿಬಟ್ಲಿನ ನೆಂಟರು ಅಂದ್ರೆ ಕಣಗಿಲೆ, ದೇವಕಣಗಿಲೆ, ನಿತ್ಯಪುಷ್ಪ. ಮಲ್ಲಿಗೆಯ ನಿಜವಾದ ನೆಂಟ ಯಾರು ಗೊತ್ತಾ, ಪಾರಿಜಾತ! ಅದಕ್ಕೂ ಕೇಸರ ಎರಡೇ, ಎಣಿಸಿ ನೋಡಿ, ನನಗಂತೂ ಇದು ತುಂಬಾ ಖುಷಿ ಕೊಡೋ ವಿಷ್ಯ. ಆಕಾಶಮಲ್ಲಿಗೆನೂ ಮಲ್ಲಿಗೆ ಅಲ್ಲ.

ಪ್ರಶ್ನೆ: ಸಂಪಿಗೆನ ಹಳೇ ಪುಸ್ತಕದಲ್ಲಿ ಮಿಚೇಲಿಯ ಅಂತಾರೆ, ಈಗ ಮ್ಯಾಗ್ನೋಲಿಯ ಅಂತಾರೆ. ಹೀಗೆ ಬದಲಾಗ್ತಾನೇ ಇದ್ರೆ ಕಲಿತು ಏನ್ ಪ್ರಯೋಜನ?

ಉತ್ತರ: ಸಂಪಿಗೆ ಹೂವು ಎಲೆಯ ಕಂಕುಳಲ್ಲಿ ಬಿಡತ್ತೆ, ಮ್ಯಾಗ್ನೋಲಿಯ ಹೂವು ರೆಂಬೆಯ ತುದೀಲಿ, ಈ ವ್ಯತ್ಯಾಸ ನೋಡಿನೇ ಮೊದಲು ಬೇರೆ ಕುಲ ಮಾಡಿದ್ರು. ಆಮೇಲೆ ಡಿಎನ್‌ಎ ಹೋಲಿಸಿ ನೋಡಿದಾಗ ಸಂಪಿಗೆಗಳು ಮ್ಯಾಗ್ನೋಲಿಯ ಗುಂಪಿನ ಒಳಗೇ ಬಂದ್ವು, ಅದಕ್ಕೆ ಸೇರಿಸಿದ್ರು. ಬದಲಾಗಿದ್ದು ಕುಲದ ಹೆಸರು ಮಾತ್ರ, ಚಂಪಕ ಅನ್ನೋ ಎರಡ್ನೇ ಪದ ಹಾಗೇ ಇದೆ, ಅದನ್ನ ಹಿಡ್ಕೊಂಡು ಹುಡುಕಿದ್ರೆ ಹಳೇದೂ ಹೊಸದೂ ಎರಡೂ ಸಿಗತ್ತೆ.

ಪ್ರಶ್ನೆ: ಲೇಬಲ್‌ನಲ್ಲಿ ಕೋಟ್ ಹಾಕಿ ಇನ್ನೊಂದು ಹೆಸರು ಇರತ್ತಲ್ಲ?

ಉತ್ತರ: ಅದು ತಳಿ. ಜಾಸ್ಮಿನಮ್ ಸಂಬಕ್ 'ಗ್ರ್ಯಾಂಡ್ ಡ್ಯೂಕ್ ಆಫ್ ಟಸ್ಕನಿ' ಅಂದ್ರೆ ಪುಟ್ಟ ಗುಲಾಬಿ ಥರ ಎಸಳು ತುಂಬಿರೋ ದುಂಡುಮಲ್ಲಿಗೆ. ತಳಿ ಗುಣ ಬೇಕು ಅಂದ್ರೆ ಕಟಿಂಗ್‌ನಿಂದ ಬೆಳೆಸಿದ ಗಿಡನೇ ಕೇಳಿ ತಗೊಳಿ.