ಡಾಡ್ಜರ್ಸ್ ಕಪ್ ಕೊಂಡುಕೊಂಡಿತು ಎನ್ನುವ ಮೊದಲು

ನೀವು ಕೇಳಿರುವುದು ಎರಡು ಮಾತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಿನ ಬೇ ಏರಿಯಾಗೆ ಬಂದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡವನ್ನು ಮೆಚ್ಚಿಕೊಂಡಿದ್ದೀರಿ. ಹಣ ಸುರಿಯುವ ಲಾಸ್ ಏಂಜಲೀಸ್ ಡಾಡ್ಜರ್ಸ್ ಎದುರು ಇನ್ನು ಆಸೆ ಇಟ್ಟುಕೊಳ್ಳಬಹುದೇ ಎಂಬುದು ಒಂದು. ಕಚೇರಿಯಲ್ಲಿ ಅಣಕಿಸುವ ಡಾಡ್ಜರ್ಸ್ ಅಭಿಮಾನಿಯ ಬಾಯಿ ಮುಚ್ಚಿಸುವ ಉತ್ತರ ಯಾವುದು ಎಂಬುದು ಇನ್ನೊಂದು. ಆ ಎರಡನೆಯ ಉತ್ತರ ನನಗೆ 2020ರಲ್ಲಿ ಸಿಕ್ಕಿತ್ತು. ಬಾಯಿ ಮುಚ್ಚಿತು. ಇವತ್ತಿಗೂ ತೆರೆದಿಲ್ಲ.

ನಾನು ದಾವಣಗೆರೆಯಿಂದ ಇದೇ ಬೇ ಏರಿಯಾದ ಸನ್ನಿವೇಲ್‌ಗೆ ಬಂದದ್ದು 2010ರ ಬೇಸಿಗೆಯಲ್ಲಿ. ಕ್ರಿಕೆಟ್ ಬಿಟ್ಟರೆ ಬೇರೆ ಆಟ ತಿಳಿಯದು. ಪಕ್ಕದ ಮೇಜಿನವನು ಪೂರ್ವ ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮನೆತನದ ಹುಡುಗ, ಹುಟ್ಟಾ ಡಾಡ್ಜರ್ಸ್ ಅಭಿಮಾನಿ. ಬೇಸ್‌ಬಾಲ್ ನೋಡುವುದನ್ನು ನನಗೆ ಕಲಿಸಿದವನು ಅವನೇ. ಆದರೆ ಆ ವರ್ಷ ಜೈಂಟ್ಸ್ ನನ್ನ ಮನಸ್ಸನ್ನು ಕದ್ದುಬಿಟ್ಟಿತು. ಫ್ಲಾರಿಡಾದ ತಂಡ ಆಗಸ್ಟ್‌ನಲ್ಲಿ ಬೇಡವೆಂದು ಬಿಟ್ಟುಕೊಟ್ಟಿದ್ದ ಕೋಡಿ ರಾಸ್ ಅಕ್ಟೋಬರ್‌ನಲ್ಲಿ, ಬೇಸ್‌ಬಾಲಿನ ಎರಡು ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅಂತಿಮ ಸರಣಿಯ ಶ್ರೇಷ್ಠ ಆಟಗಾರನಾದ. ಟಿಮ್ ಲಿನ್ಸೆಕಮ್, ಮ್ಯಾಟ್ ಕೇನ್, ಮ್ಯಾಡಿಸನ್ ಬಮ್‌ಗಾರ್ನರ್, ಬಸ್ಟರ್ ಪೋಸಿ, ಎಲ್ಲರೂ ಜೈಂಟ್ಸ್ ತಾನೇ ಆರಿಸಿ ಬೆಳೆಸಿದ ಹುಡುಗರು. 1958ರಲ್ಲಿ ನ್ಯೂಯಾರ್ಕ್ ಬಿಟ್ಟು ಬಂದ ಮೇಲೆ ಎರಡು ಲೀಗ್‌ಗಳ ವಿಜೇತರು ಕಪ್‌ಗಾಗಿ ಆಡುವ ವರ್ಲ್ಡ್ ಸೀರೀಸನ್ನು ಆ ತಂಡ ಗೆದ್ದದ್ದು ಅದೇ ಮೊದಲು. ಡಾಡ್ಜರ್ಸ್ ಕೂಡ ಅದೇ ವರ್ಷ ಬ್ರೂಕ್ಲಿನ್ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಬಂದದ್ದು. ಹಗೆಯನ್ನೂ ಎರಡೂ ತಂಡಗಳು ಜೊತೆಯಲ್ಲೇ ಹೊತ್ತು ತಂದವು.

2012ರಲ್ಲಿ ಪಕ್ಕದ ಮೇಜಿನ ಆ ಗೆಳೆಯನ ತಂದೆ ಸನ್ನಿವೇಲ್‌ಗೆ ಬಂದಿದ್ದರು. ಮೂವರೂ ಕ್ಯಾಲ್‌ಟ್ರೇನ್ ಹತ್ತಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದೆವು. ಯಜಮಾನರು ಚೀಲದಿಂದ ಪೆನ್ಸಿಲ್ ಮತ್ತು ಪುಸ್ತಕ ತೆಗೆದು ನನಗೆ ಸ್ಕೋರ್ ಬರೆಯಲು ಕಲಿಸಿದರು. ಮೈದಾನದ ಪ್ರತಿ ಜಾಗಕ್ಕೂ ಒಂದು ಅಂಕೆ: ಚೆಂಡು ಎಸೆಯುವ ಪಿಚರ್ ಎಂದರೆ 1, ಅದನ್ನು ಹಿಡಿಯುವ ಕ್ಯಾಚರ್ 2, ಎರಡನೆಯ ಮೂರನೆಯ ಬೇಸುಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಮೂರನೆಯ ಸ್ಟ್ರೈಕ್‌ಗೆ ಬ್ಯಾಟ್ ಬೀಸಿ ತಪ್ಪಿ ಔಟಾದರೆ, ಅಂದರೆ ಸ್ಟ್ರೈಕ್‌ಔಟ್ ಆದರೆ, ಇಂಗ್ಲಿಷಿನ ‘ಕೆ’ ಅಕ್ಷರ. ಬೀಸದೆ ನಿಂತು ನೋಡಿ ಔಟಾದರೆ ಅದೇ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಪ್ರತಿ ಚೌಕ ತುಂಬುವಾಗಲೂ ಒಂದು ಕಥೆ ಹೇಳುತ್ತಿದ್ದರು. ಡಾಡ್ಜರ್ಸ್ ಕ್ರೀಡಾಂಗಣ ಎದ್ದಿರುವ ಚಾವೆಜ್ ರವೀನ್‌ನಿಂದ 1950ರ ದಶಕದಲ್ಲಿ ಮೆಕ್ಸಿಕನ್ ಕುಟುಂಬಗಳನ್ನು ಒಕ್ಕಲೆಬ್ಬಿಸಿದ್ದರು. ಆ ಗಾಯ ಆರದೆ, ಅಲ್ಲಿಗೆ ಕಾಲಿಡುವುದಿಲ್ಲ ಎಂದು ಅವರ ಮನೆಯವರು ಹಟ ಹಿಡಿದಿದ್ದರಂತೆ. 1981ರಲ್ಲಿ ಮೆಕ್ಸಿಕೊದ ಸೊನೋರಾದಿಂದ ಬಂದ 20 ವರ್ಷದ ಡಾಡ್ಜರ್ಸ್ ಪಿಚರ್ ಫರ್ನಾಂಡೊ ವಾಲೆನ್ಸುವೆಲಾ ಆರಂಭಿಸಿದ ಮೊದಲ ಎಂಟು ಪಂದ್ಯಗಳನ್ನೂ ಗೆದ್ದುಕೊಟ್ಟಾಗ ಹಟ ಮುರಿಯಿತು. ಯಜಮಾನರು ಮೊದಲ ಸಲ ಆ ಮೆಟ್ಟಿಲು ಹತ್ತಿದರು. 1988ರಲ್ಲಿ ಡಾಡ್ಜರ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. ಅಲ್ಲಿಂದ 32 ವರ್ಷ ಕಾಯುವಿಕೆ. ಆರ್‌ಸಿಬಿಗಾಗಿ 18 ವರ್ಷ ಕಾದವರಿಗೆ ಅದೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

2020ರ ಸೆಪ್ಟೆಂಬರ್‌ನಲ್ಲಿ ಯಜಮಾನರು ತೀರಿಕೊಂಡರು. ಕೋವಿಡ್‌ನಿಂದ ಅರವತ್ತೇ ಪಂದ್ಯಗಳಿಗೆ ಮೊಟಕಾದ ಆ ಋತುವಿನ ವರ್ಲ್ಡ್ ಸೀರೀಸನ್ನು ಅಕ್ಟೋಬರ್ 27ರ ರಾತ್ರಿ ಡಾಡ್ಜರ್ಸ್ ಗೆದ್ದಿತು. ಸ್ವಲ್ಪ ಹೊತ್ತಿಗೆ ಗೆಳೆಯನಿಂದ ಒಂದು ಚಿತ್ರ ಬಂತು: ಟಿವಿಯ ಮುಂದೆ ಖಾಲಿ ಕುರ್ಚಿ, ಕುರ್ಚಿಯ ಮೇಲೆ ಬಣ್ಣ ಮಾಸಿದ ನೀಲಿ ಟೋಪಿ. ನಾನು ಬರೆದದ್ದು ಇಷ್ಟು: “ಅರವತ್ತು ಪಂದ್ಯಗಳ ಕಪ್, ಅದೂ ದುಡ್ಡು ಕೊಟ್ಟು ಕೊಂಡದ್ದು. ಅಭಿನಂದನೆ.”

ಇದನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ನೀವು ಕೇಳುತ್ತಿರುವುದು ಇಂಥದ್ದೇ ವಾಕ್ಯವನ್ನು. ಟೋಪಿ ನನಗೆ ಕಾಣಲಿಲ್ಲ ಎಂದಲ್ಲ. ಕಂಡಿತ್ತು, ಗುರುತೂ ಹಿಡಿದಿದ್ದೆ. ಆದರೆ ಚಿತ್ರ ಬರುವ ಮೊದಲೇ ವಾಕ್ಯ ನನ್ನ ತಲೆಯಲ್ಲಿ ಸಿದ್ಧವಾಗಿ ಕೂತಿತ್ತು. ಆ ವರ್ಷ ಜೈಂಟ್ಸ್ 29 ಗೆದ್ದು 31 ಸೋತು, ಕೊನೆಯ ದಿನ ಒಂದೇ ರನ್‌ನಿಂದ ಸೋತು, ಮಿಲ್ವಾಕಿ ತಂಡದಷ್ಟೇ ಗೆಲುವು ಇದ್ದರೂ ಸಮಬಲದ ನಿಯಮದಲ್ಲಿ ಪ್ಲೇಆಫ್‌ನಿಂದ ಹೊರಬಿದ್ದಿತ್ತು. ಒಂದು ತಿಂಗಳಿನಿಂದ ಮನೆಯೊಳಗೆ ಕೂತು ಆ ಮಾತನ್ನು ಮಸೆಯುತ್ತಿದ್ದೆ. ಅವನು ಕಳಿಸಿದ್ದು ಒಂದು ಸಾವಿನ ಸುದ್ದಿಯ ಮುಂದುವರಿದ ಭಾಗ. ನಾನು ಉತ್ತರ ಕೊಟ್ಟದ್ದು ಅಂಕಪಟ್ಟಿಗೆ. ಹತ್ತು ವರ್ಷ ಒಬ್ಬರನ್ನೊಬ್ಬರು ಹೀಗೆಯೇ ಕೆಣಕುತ್ತಿದ್ದೆವು ಎಂಬುದು ನನ್ನ ಸಮರ್ಥನೆಯಾಗಿತ್ತು. ಮೂರು ವಾರದ ಬಳಿಕ ಕ್ಷಮೆ ಕೇಳಿ ಬರೆದ ಪತ್ರದಲ್ಲೂ ಅದನ್ನೇ ತುರುಕಿದೆ: 2014ರಲ್ಲಿ ನೀನು ನನಗೆ ಹೀಗೆ ಹೇಳಿದ್ದೆ, 2016ರಲ್ಲಿ ಹಾಗೆ ಹೇಳಿದ್ದೆ ಎಂದು. ಲೆಕ್ಕ ಒಪ್ಪಿಸುವ ಪತ್ರವನ್ನು ಕ್ಷಮೆ ಎಂದು ಯಾರು ತೆಗೆದುಕೊಳ್ಳುತ್ತಾರೆ? “ಪರವಾಗಿಲ್ಲ” ಎಂದು ಬರೆದ. ಕೆಲಸದ ವಿಷಯಕ್ಕೆ ಇಂದಿಗೂ ಸೌಜನ್ಯದಿಂದ ಉತ್ತರಿಸುತ್ತಾನೆ. ಆಟದ ವಿಷಯಕ್ಕೆ ಇಲ್ಲ. 2024ರ ಅಕ್ಟೋಬರ್ 22ರಂದು, ವರ್ಲ್ಡ್ ಸೀರೀಸ್‌ಗೆ ಮೂರು ದಿನ ಇರುವಾಗ, ವಾಲೆನ್ಸುವೆಲಾ ತೀರಿಕೊಂಡಾಗ ಅವನ ತಂದೆಯನ್ನು ನೆನೆದು ನಾಲ್ಕು ಸಾಲು ಬರೆದೆ. “ಧನ್ಯವಾದ” ಎಂಬ ಒಂದು ಪದ ಬಂತು.

ಇನ್ನು, ಆ ವಾಕ್ಯ ಸುಳ್ಳು ಕೂಡ ಆಗಿತ್ತು. ಆ ಸರಣಿಯ ಶ್ರೇಷ್ಠ ಆಟಗಾರ ಕೋರಿ ಸೀಗರ್ 2012ರ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸುವಾಗ, ಡಾಡ್ಜರ್ಸ್ ಆರಿಸಿಕೊಂಡ ಹುಡುಗ. ಕ್ಲೇಟನ್ ಕೆರ್ಶಾ, ವಾಕರ್ ಬ್ಯೂಲರ್, ಕೋಡಿ ಬೆಲಿಂಜರ್, ವಿಲ್ ಸ್ಮಿತ್ ಎಲ್ಲರೂ ಅವರ ಮನೆಯಲ್ಲೇ ಬೆಳೆದವರು. ಜಸ್ಟಿನ್ ಟರ್ನರ್‌ನನ್ನು ನ್ಯೂಯಾರ್ಕ್ ಮೆಟ್ಸ್ ಕೈಬಿಟ್ಟಿತ್ತು. ಮ್ಯಾಕ್ಸ್ ಮನ್ಸಿಯನ್ನು ನಮ್ಮ ಕೊಲ್ಲಿಯ ಆಚೆ ದಡದ ಓಕ್ಲೆಂಡ್ 2017ರಲ್ಲಿ ಹೊರಗೆ ಕಳಿಸಿತ್ತು. ಇಬ್ಬರನ್ನೂ ಕೆಳಹಂತದ ಮೈನರ್ ಲೀಗ್ ಒಪ್ಪಂದದ ಮೇಲೆ ಕರೆದುಕೊಂಡು ತಿದ್ದಿದರು. ಮೂಕಿ ಬೆಟ್ಸ್‌ನನ್ನು ಬಾಸ್ಟನ್‌ನಿಂದ ತಂದದ್ದೂ ಕಿರಿಯ ಆಟಗಾರರನ್ನು ಕೊಟ್ಟು. 12 ವರ್ಷಕ್ಕೆ 365 ಮಿಲಿಯನ್ ಡಾಲರ್ ಒಪ್ಪಂದ ಆಮೇಲಿನ ಮಾತು.

ಹಣ ಲೆಕ್ಕಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ. ಐಪಿಎಲ್ ಹರಾಜಿನಲ್ಲಿ ಎಲ್ಲ ತಂಡಗಳ ಜೇಬೂ ಒಂದೇ ಅಳತೆಯದು. ಬೇಸ್‌ಬಾಲ್‌ನಲ್ಲಿ ಅಂಥ ಕಟ್ಟುನಿಟ್ಟಿನ ಮಿತಿಯಿಲ್ಲ, ಆಟಗಾರರ ಸಂಬಳದ ಮೊತ್ತ ಒಂದು ಗೆರೆ ದಾಟಿದರೆ ತೆರಿಗೆ ಕಟ್ಟಬೇಕು ಅಷ್ಟೇ. 25 ವರ್ಷಗಳ, 8 ಬಿಲಿಯನ್ ಡಾಲರಿಗೂ ಮೀರಿದ ಟಿವಿ ಒಪ್ಪಂದ ಇರುವ ತಂಡಕ್ಕೆ ಆ ತೆರಿಗೆ ಭಾರವಲ್ಲ. ಡಾಡ್ಜರ್ಸ್ ಕರೆತಂದ ಜಪಾನಿನ ತಾರೆ ಶೊಹೇ ಒಟಾನಿಗೆ 10 ವರ್ಷಕ್ಕೆ 700 ಮಿಲಿಯನ್, ಅದರಲ್ಲಿ 680 ಮಿಲಿಯನ್ ಒಪ್ಪಂದ ಮುಗಿದ ಮೇಲೆ ಕೊಡುವುದು. ಇದು ನನಗೂ ಹೊಟ್ಟೆಯುರಿಯೇ. ಆದರೆ ಹಣ ಛಾವಣಿ. ಗೋಡೆ ಎದ್ದ ಮೇಲೆ ಮಾತ್ರ ಅದು ನೆರಳು ಕೊಡುತ್ತದೆ. ನಾವೂ ಕೊಂಡವರೇ. 1992ರ ಡಿಸೆಂಬರ್‌ನಲ್ಲಿ ಬ್ಯಾರಿ ಬಾಂಡ್ಸ್‌ನನ್ನು ಅಂದಿನ ದಾಖಲೆ ಮೊತ್ತಕ್ಕೆ ಕರೆತಂದದ್ದು ಜೈಂಟ್ಸ್. ಬಾಂಡ್ಸ್ ಇದ್ದ 15 ವರ್ಷಗಳಲ್ಲಿ ಒಂದೂ ವರ್ಲ್ಡ್ ಸೀರೀಸ್ ಗೆಲ್ಲಲಿಲ್ಲ. 126 ಮಿಲಿಯನ್ ಕೊಟ್ಟು ತಂದ ಪಿಚರ್ ಬ್ಯಾರಿ ಜೀಟೊಗೆ 2010ರ ಪ್ಲೇಆಫ್ ತಂಡದಲ್ಲಿ ಜಾಗವೇ ಸಿಗಲಿಲ್ಲ. ಅದೇ ಜೀಟೊ 2012ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೋತರೆ ಮನೆಗೆ ಎನ್ನುವ ಪಂದ್ಯ ಗೆದ್ದುಕೊಟ್ಟಾಗ ನಾನು ಅತ್ತಿದ್ದೆ. ಅಂದು ಜೀಟೊನ ಸುತ್ತ ಒಂದು ತಂಡ ಕಟ್ಟಿ ಮುಗಿದಿತ್ತು.

ನಿಮ್ಮ ಸಿಟ್ಟಿಗೆ ಸರಿಯಾದ ವಿಳಾಸ ಇಲ್ಲಿದೆ: 2024ರಲ್ಲಿ ಹೆಲಿಯೊ ರಾಮೋಸ್ ಆ ವರ್ಷದ ಶ್ರೇಷ್ಠ ಆಟಗಾರರು ಆಡುವ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ. ಜೈಂಟ್ಸ್ ತಾನೇ ಬೆಳೆಸಿದ ಔಟ್‌ಫೀಲ್ಡರ್ (ಮೈದಾನದ ಹೊರಭಾಗದ ಆಟಗಾರ) ಒಬ್ಬನಿಗೆ ಆ ಗೌರವ ಸಿಕ್ಕಿದ್ದು 1986ರ ಚಿಲಿ ಡೇವಿಸ್ ಬಳಿಕ ಅದೇ ಮೊದಲು. ಮೂವತ್ತೆಂಟು ವರ್ಷ! ಇದಕ್ಕೆ ಡಾಡ್ಜರ್ಸ್‌ನ ದುಡ್ಡು ಹೇಗೆ ಕಾರಣವಾದೀತು? ಆ ಅವಧಿಯ ಕೊನೆಯಲ್ಲಿ ನಾವು ದೊಡ್ಡ ಹೆಸರುಗಳ ಹಿಂದೆ ಓಡಿದೆವು. ಆರನ್ ಜಡ್ಜ್ ಬರಲಿಲ್ಲ. ಕಾರ್ಲೋಸ್ ಕೊರೆಯಾನ 350 ಮಿಲಿಯನ್ ಒಪ್ಪಂದ ವೈದ್ಯಕೀಯ ತಪಾಸಣೆಯಲ್ಲಿ ಮುರಿದುಬಿತ್ತು. ಒಟಾನಿ ದಕ್ಷಿಣಕ್ಕೆ ಹೋದ. 2024ರ ಶರತ್ಕಾಲದಿಂದ ತಂಡ ಕಟ್ಟುವ ಹೊಣೆ ಪೋಸಿಯ ಕೈಯಲ್ಲಿದೆ. ಮೈನರ್ ಲೀಗ್‌ನ ಹುಡುಗರ ಹೆಸರು ಕಲಿಯಿರಿ, ಸ್ಯಾನ್ ಹೋಸೆಯಲ್ಲಿ ಅಗ್ಗದ ಟಿಕೆಟಿಗೆ ಅವರ ಆಟ ನೋಡಿ. ಆಸೆ ಇಡಬೇಕಾದ ಜಾಗ ಅದು.

ನಿಮ್ಮ ಸಹೋದ್ಯೋಗಿಗೆ ಉತ್ತರ ಹುಡುಕಬೇಡಿ. ಯಾರ ಕೈ ಹಿಡಿದು ಮೊದಲ ಪಂದ್ಯಕ್ಕೆ ಹೋದೆ ಎಂದು ಕೇಳಿ. ಈ ಹಗೆಯಲ್ಲಿ ಮಾತಿಗಿಂತ ಕೆಟ್ಟದ್ದೂ ನಡೆದಿದೆ: 2011ರಲ್ಲಿ ಡಾಡ್ಜರ್ಸ್ ಕ್ರೀಡಾಂಗಣದ ಹೊರಗೆ ಜೈಂಟ್ಸ್ ಅಭಿಮಾನಿಯೊಬ್ಬನನ್ನು ಮಿದುಳಿಗೆ ಬದುಕಿಡೀ ಆರದ ಪೆಟ್ಟಾಗುವಂತೆ ಹೊಡೆದರು, 2013ರಲ್ಲಿ ನಮ್ಮ ಕ್ರೀಡಾಂಗಣದ ಸಮೀಪ ಡಾಡ್ಜರ್ಸ್ ಅಭಿಮಾನಿಯೊಬ್ಬ ಇರಿತಕ್ಕೆ ಬಲಿಯಾದ. ಯಜಮಾನರು ಹೇಳಿದ ಇನ್ನೊಂದು ಕಥೆಯೂ ಇದೆ. 1965ರ ಆಗಸ್ಟ್ 22ರಂದು ಜೈಂಟ್ಸ್‌ನ ಹ್ವಾನ್ ಮಾರಿಷಾಲ್ ಬ್ಯಾಟಿನಿಂದ ಡಾಡ್ಜರ್ಸ್ ಕ್ಯಾಚರ್ ಜಾನ್ ರೋಸ್‌ಬರೊನ ತಲೆಗೆ ಹೊಡೆದ. 14 ಹೊಲಿಗೆ ಬಿದ್ದವು. ಮುಂದೆ ಅವರಿಬ್ಬರೂ ಗೆಳೆಯರಾದರು. 2002ರಲ್ಲಿ ರೋಸ್‌ಬರೊ ತೀರಿಕೊಂಡಾಗ ಮಾರಿಷಾಲ್ ಅಂತ್ಯಕ್ರಿಯೆಗೆ ಬಂದಿದ್ದ. ಅದನ್ನು ಹೇಳುವಾಗ ಯಜಮಾನರ ಪೆನ್ಸಿಲ್ ನಿಂತಿತ್ತು. ಒಂದು ಇಡೀ ಇನಿಂಗ್ಸ್ ಬರೆಯುವುದು ತಪ್ಪಿಹೋಯಿತು.

2021ರಲ್ಲಿ ಜೈಂಟ್ಸ್ 107 ಪಂದ್ಯ ಗೆದ್ದಿತು, ಡಾಡ್ಜರ್ಸ್ 106. ಈ ಎರಡೂ ತಂಡಗಳ ಪ್ಲೇಆಫ್ ಸರಣಿಯ ಅಕ್ಟೋಬರ್ 14ರ ನಿರ್ಣಾಯಕ ಪಂದ್ಯಕ್ಕೆ ಅದೇ ಪುಸ್ತಕ ಹಿಡಿದು ಒಬ್ಬನೇ ಹೋಗಿದ್ದೆ. ಒಂಬತ್ತನೆಯ ಇನಿಂಗ್ಸ್, 2-1ರ ಹಿನ್ನಡೆ, ಎರಡು ಔಟ್, ಮೊದಲ ಬೇಸಿನಲ್ಲಿ ಒಬ್ಬ. ವಿಲ್ಮರ್ ಫ್ಲೋರೆಸ್ ಬೀಸಲು ಹೋಗಿ ಬ್ಯಾಟನ್ನು ತಡೆದ. ಬೀಸಿದ್ದಾನೆ ಎಂದು ಮೊದಲ ಬೇಸಿನ ಅಂಪೈರ್ ಕೈ ಎತ್ತಿದ. ಅಲ್ಲಿಗೆ ಪಂದ್ಯ ಮುಗಿಯಿತು, ನಾವು ಸೋತೆವು. ಸುತ್ತ ಜನ ಕೂಗುತ್ತಿದ್ದರು. ಬೀಸದೆ ಔಟಾದವನಿಗೆ ಅಕ್ಷರ ತಿರುಗಬೇಕು, ಬೀಸಿದವನಿಗೆ ನೇರ. ಅಂಪೈರ್ ಹೇಳಿದಂತೆ ಬರೆಯಬೇಕೋ, ನನ್ನ ಕಣ್ಣು ಕಂಡಂತೆ ಬರೆಯಬೇಕೋ? ಕೇಳಬೇಕಾದವರು ಇರಲಿಲ್ಲ. ಅವರ ಮಗನಿಗೆ ಕೇಳಲು ಫೋನ್ ತೆಗೆದೆ, ಹೆಸರಿನವರೆಗೆ ಹೋಗಿ ಜೇಬಿಗಿಟ್ಟೆ. ಆ ಚೌಕ ಇನ್ನೂ ಖಾಲಿ ಇದೆ.