ಗಿಟ್‌ಹಬ್ ಆಕ್ಷನ್ಸ್ ಬಿಲ್ಡ್‌ನಲ್ಲಿ ರೆಡಿಸ್ ಸಿಗುತ್ತಿಲ್ಲ, ಏನು ಮಾಡಲಿ?

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್‌ಗಳೆಲ್ಲ ಪಾಸ್, ಗಿಟ್‌ಹಬ್ ಆಕ್ಷನ್ಸ್‌ಗೆ (ಕೋಡ್ ಪುಶ್ ಮಾಡಿದಾಗ ಟೆಸ್ಟ್‌ಗಳನ್ನು ತಾನೇ ಓಡಿಸುವ ಗಿಟ್‌ಹಬ್‌ನ ಸೇವೆ) ಹೋದ ತಕ್ಷಣ ರೆಡಿಸ್‌ನ (ಕೀ ಕೊಟ್ಟು ಡೇಟಾ ಇಡುವ, ಮೆಮೊರಿಯಲ್ಲಿ ಓಡುವ ಡೇಟಾಬೇಸ್) 6379 ಪೋರ್ಟ್‌ನಲ್ಲಿ ‘ಕನೆಕ್ಷನ್ ರೆಫ್ಯೂಸ್ಡ್’ ಅಂತ ಬರುತ್ತಿದೆ. ಆಫೀಸಿನ ಒಂದು ಮಷಿನ್‌ನಲ್ಲಿ ರೆಡಿಸ್ ಹಾಕಿ ಎಲ್ಲ ಬಿಲ್ಡ್‌ಗೂ ಅದನ್ನೇ ಕೊಡಬಹುದಾ ಅಂತಲೂ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಬೇಡ.

ನಾನು ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡುತ್ತಿದ್ದಾಗ ಆಫೀಸಿನಲ್ಲಿ ಹಾಗೇ ಇತ್ತು, ಎಲ್ಲರಿಗೂ ಸೇರಿ ಒಂದೇ ರೆಡಿಸ್. ಬೆಳಗ್ಗೆ ಎಲ್ಲರೂ ಕೋಡ್ ಪುಶ್ ಮಾಡುವ ಹೊತ್ತಿಗೆ ನನ್ನ ಟೆಸ್ಟ್‌ಗಳು ಫೇಲ್. ರಾತ್ರಿ ಮನೆಯಿಂದ ಓಡಿಸಿದರೆ ಒಂದೂ ಫೇಲ್ ಆಗುತ್ತಿರಲಿಲ್ಲ. ಎರಡು ವಾರ ಸುಮ್ನೆ ನನ್ನ ಕೋಡನ್ನೇ ಬೈದುಕೊಂಡೆ. ಕೊನೆಗೆ ರೆಡಿಸ್‌ನ ಮಾನಿಟರ್ ಕಮಾಂಡ್ ಹಾಕಿ ಕೂತೆ. ಯಾವ ಕ್ಲೈಂಟ್ ಯಾವ ಕಮಾಂಡ್ ಕಳಿಸಿದೆ ಅಂತ ಅದು ಸಾಲುಸಾಲಾಗಿ ತೋರಿಸುತ್ತದೆ. ನನ್ನ ಟೆಸ್ಟ್ ಒಂದು ಕೀ ಬರೆದು ಮತ್ತೆ ಓದುವಷ್ಟರಲ್ಲಿ ಇನ್ಯಾರದೋ ಬಿಲ್ಡ್ ಬಂದು ಫ್ಲಶ್‌ಆಲ್, ಅಂದರೆ ಎಲ್ಲ ಡೇಟಾ ಅಳಿಸುವ ಕಮಾಂಡ್, ಕೊಡುತ್ತಿತ್ತು. ಕ್ಯಾತ್ಸಂದ್ರದಲ್ಲಿ ಚಟ್ನಿ ಹಾಕಿಸಿಕೊಂಡು ಬರುವಷ್ಟರಲ್ಲಿ ಟೇಬಲ್ ಮೇಲಿದ್ದ ಅರ್ಧ ತಟ್ಟೆ ಇಡ್ಲಿ ಎತ್ತಿಕೊಂಡು ಹೋದ ಹಾಗೆ.

ಒಂದೇ ರೆಡಿಸ್‌ನೊಳಗೆ ಒಬ್ಬೊಬ್ಬರೂ ಡೇಟಾಬೇಸ್ ನಂಬರ್ ಬೇರೆ ಬೇರೆ ಮಾಡಿಕೊಂಡರೆ ಸಾಕಲ್ವಾ ಅನ್ನಬಹುದು. ಮಾಮೂಲಿಯಾಗಿ 0ಯಿಂದ 15ರವರೆಗೆ 16 ಇರುತ್ತವೆ, ನಿಜ. ಫ್ಲಶ್‌ಡಿಬಿ ಕೊಟ್ಟರೆ ನೀವಿರುವ ಒಂದು ಮಾತ್ರ ಖಾಲಿಯಾಗುತ್ತದೆ. ಆದರೆ ಫ್ಲಶ್‌ಆಲ್ ಹದಿನಾರನ್ನೂ ಒರೆಸಿಹಾಕುತ್ತದೆ. ಯಾರೋ ಒಬ್ಬರು ಅದನ್ನು ಬರೆದಿಟ್ಟಿದ್ದರೂ ಮುಗೀತು.

ಅದಕ್ಕೇ ಪ್ರತಿ ಜಾಬ್‌ಗೂ (ಬಿಲ್ಡ್‌ನ ಒಂದೊಂದು ಕೆಲಸಕ್ಕೂ) ಅದರದೇ ಖಾಲಿ ರೆಡಿಸ್ ಇರಲಿ. ಬಿಲ್ಡ್‌ನ ಹಂತಗಳನ್ನು ಬರೆದಿಡುವ ವರ್ಕ್‌ಫ್ಲೋ ಫೈಲ್‌ನಲ್ಲಿ ಜಾಬ್‌ನ ಒಳಗೆ ‘ಸರ್ವಿಸಸ್’ ಅಂತ ಒಂದು ಭಾಗ ಬರೆದು, ರೆಡಿಸ್ ಅಂತ ಹೆಸರು ಕೊಟ್ಟು, ಡಾಕರ್ ಇಮೇಜ್ (ರೆಡಿಸ್ ಓಡಲು ಬೇಕಾದ್ದೆಲ್ಲ ಇರುವ ಪೊಟ್ಟಣ) ಹಾಕಿ. ಜಾಬ್ ಶುರುವಾದಾಗ ಆ ಇಮೇಜ್‌ನಿಂದ ಕಂಟೇನರ್, ಅಂದರೆ ಬೇರೆಯದರಿಂದ ಪ್ರತ್ಯೇಕವಾಗಿ ಓಡುವ ಪುಟ್ಟ ಪರಿಸರ, ಏಳುತ್ತದೆ, ಮುಗಿದಾಗ ಹೋಗುತ್ತದೆ. ಇದು ಲಿನಕ್ಸ್ ರನ್ನರ್‌ನಲ್ಲಿ (ಜಾಬ್ ಓಡುವ ಮಷಿನ್) ಮಾತ್ರ ನಡೆಯುತ್ತದೆ, ನೆನಪಿರಲಿ.

ನಿಮ್ಮ ‘ರೆಫ್ಯೂಸ್ಡ್’ಗೆ ಕಾರಣ ಬಹುಶಃ ಹೋಸ್ಟ್ ಹೆಸರಿನಲ್ಲಿದೆ, ಅಂದರೆ ರೆಡಿಸ್ ಎಲ್ಲಿದೆ ಅಂತ ನೀವು ಕೊಟ್ಟ ವಿಳಾಸದಲ್ಲಿ. ಜಾಬ್ ನೇರವಾಗಿ ರನ್ನರ್ ಮೇಲೆ ಓಡುತ್ತಿದ್ದರೆ ಹೋಸ್ಟ್ ಲೋಕಲ್‌ಹೋಸ್ಟ್, ಅಂದರೆ ಅದೇ ಮಷಿನ್. ಆಗ ‘ಪೋರ್ಟ್ಸ್’ ಕೆಳಗೆ 6379:6379 ಅಂತ ಬರೆಯಲೇಬೇಕು. ಬರೆಯದಿದ್ದರೆ ರೆಡಿಸ್ ಒಳಗೆ ಆರಾಮಾಗಿ ಓಡುತ್ತಿರುತ್ತದೆ, ಹೊರಗಿನಿಂದ ಬಾಗಿಲೇ ಇರುವುದಿಲ್ಲ. ಜಾಬೇ ಒಂದು ಕಂಟೇನರ್‌ನಲ್ಲಿ ಓಡುತ್ತಿದ್ದರೆ ಕಥೆ ಬೇರೆ. ಅಲ್ಲಿ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ. ಹೋಸ್ಟ್ ಜಾಗದಲ್ಲಿ ಸರ್ವಿಸ್‌ಗೆ ನೀವಿಟ್ಟ ಹೆಸರು, ಅಂದರೆ ರೆಡಿಸ್, ಬರಬೇಕು. ಪೋರ್ಟ್ ಸಾಲು ಬೇಕಿಲ್ಲ. ಕೋಡ್‌ನಲ್ಲಿ ಹೋಸ್ಟ್ ಹೆಸರನ್ನು ನೇರವಾಗಿ ಬರೆಯದೆ ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ ಓದಿಸಿದರೆ ಲ್ಯಾಪ್‌ಟಾಪ್‌ಗೂ ಬಿಲ್ಡ್‌ಗೂ ಒಂದೇ ಕೋಡ್ ನಡೆಯುತ್ತದೆ.

ಇನ್ನೊಂದು: ಕಂಟೇನರ್ ಎದ್ದಿದೆ ಅಂದ ಮಾತ್ರಕ್ಕೆ ರೆಡಿಸ್ ತಯಾರಾಗಿದೆ ಅಂತಲ್ಲ. ‘ಆಪ್ಷನ್ಸ್’ನಲ್ಲಿ ಹೆಲ್ತ್ ಚೆಕ್ ಹಾಕಿ, ಕಮಾಂಡ್ ಆಗಿ ರೆಡಿಸ್-ಸಿಎಲ್ಐ ಪಿಂಗ್ ಕೊಡಿ. 10 ಸೆಕೆಂಡಿಗೊಮ್ಮೆ, 5 ಸಲ ಸಾಕು. ಪಾಂಗ್ ಅಂತ ಉತ್ತರ ಬರುವವರೆಗೆ ನಿಮ್ಮ ಟೆಸ್ಟ್ ಶುರುವಾಗುವುದಿಲ್ಲ. ಸ್ಲೀಪ್ 15 ಅಂತ ಹಾಕಿ ಕಾಯುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಇಮೇಜ್‌ಗೆ ‘ಲೇಟೆಸ್ಟ್’ ಅಂತ ಬಿಡಬೇಡಿ, ಪ್ರೊಡಕ್ಷನ್‌ನಲ್ಲಿರುವ ವರ್ಷನ್ ನಂಬರನ್ನೇ ಬರೆಯಿರಿ. 2024ರಲ್ಲಿ ರೆಡಿಸ್‌ನ ಲೈಸೆನ್ಸ್ ಬದಲಾದ ಮೇಲೆ ಅದರಿಂದ ಕವಲೊಡೆದ ವಾಲ್ಕೀಗೆ ಹೋದವರೂ ಇದ್ದಾರೆ. ನಿಮ್ಮ ಸರ್ವರ್‌ನಲ್ಲಿ ವಾಲ್ಕೀ ಇದ್ದರೆ ಟೆಸ್ಟ್‌ಗೂ ವಾಲ್ಕೀ ಇಮೇಜ್ ಹಾಕಿ.

ಟೆಸ್ಟ್‌ಗಳ ನಡುವೆ ಫ್ಲಶ್‌ಡಿಬಿ ಕೊಡಿ, ಆದರೆ ಪ್ರತಿ ಟೆಸ್ಟ್ ಶುರುವಾಗುವ ಮುಂಚೆ. ಕೊನೆಯಲ್ಲಿ ಕೊಟ್ಟರೆ, ಟೆಸ್ಟ್ ಮಧ್ಯದಲ್ಲೇ ಸತ್ತಾಗ ಕಸ ಅಲ್ಲೇ ಉಳಿಯುತ್ತದೆ. ಒಂದೇ ಜಾಬ್‌ನಲ್ಲಿ ನಾಲ್ಕು ಟೆಸ್ಟ್ ಒಟ್ಟಿಗೆ ಓಡಿಸುತ್ತಿದ್ದರೆ ಮಾತ್ರ ಆ ಡೇಟಾಬೇಸ್ ನಂಬರ್‌ಗಳು ಕೆಲಸಕ್ಕೆ ಬರುತ್ತವೆ, ಒಂದೊಂದಕ್ಕೆ ಒಂದೊಂದು. ಆಗ ಫ್ಲಶ್‌ಆಲ್ ಎಲ್ಲೂ ಇಲ್ಲ ಅಂತ ಮೊದಲು ಹುಡುಕಿ ನೋಡಿಕೊಳ್ಳಿ.

ಇಷ್ಟಾದ ಮೇಲೂ ರೆಫ್ಯೂಸ್ಡ್ ಬಂದರೆ, ನಿಮ್ಮ ಜಾಬ್‌ನಲ್ಲಿ ‘ಕಂಟೇನರ್’ ಅನ್ನುವ ಸಾಲು ಇದೆಯಾ ನೋಡಿ, ಫೈಲ್‌ನ ಆ ಭಾಗವನ್ನು ಪ್ರಶ್ನೆಗೆ ಸೇರಿಸಿ.