ಲಿವರ್ ಆ್ಯಕ್ಷನ್ ರೈಫಲ್: ಕಣ್ಣಿಗೆ ಕಾಣುವ ಅಂದ, ಕೈಗೆ ತಿಳಿಯುವ ಅಚ್ಚುಕಟ್ಟು

ಟ್ರಿಗರ್ ಸುತ್ತಲಿನ ಲಿವರನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲೆಳೆದು ತೋಟೆ ಬದಲಿಸುವ ಲಿವರ್ ಆ್ಯಕ್ಷನ್ ರೈಫಲ್‌ಗಳು ನೋಡಲು ಇಷ್ಟು ಚೆನ್ನಾಗಿರುವುದು ಏಕೆ, ಆ ಅಂದಕ್ಕೆ ತಕ್ಕ ಗಟ್ಟಿತನ ಅವುಗಳ ಒಳಗೂ ಇದೆಯೇ, ಹಳೆಯವೇ ಮೇಲು ಎನ್ನುವವರ ಮಾತು ಎಷ್ಟು ನಿಜ ಎಂದು ನೀವು ಕೇಳಿದ್ದೀರಿ. ನಾನು ಬೇಟೆಗಾರನಲ್ಲ, ಗುರಿಕಾರನೂ ಅಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿ ದುಡಿದವನು. ಹಳೆಯ ಬಂದೂಕುಗಳನ್ನು ಸಂಗ್ರಹಿಸುವ ಗೆಳೆಯರೊಬ್ಬರು ಈ ಜಾತಿಯ ಹಲವು ರೈಫಲ್‌ಗಳನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಲು ನನ್ನನ್ನು ಜೊತೆಗೆ ಕೂರಿಸಿಕೊಳ್ಳುತ್ತಿದ್ದುದರಿಂದ ಅವುಗಳ ಒಳಹೊರಗನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು. ಆ ಅನುಭವದಿಂದ ನನಗೆ ದೃಢವಾಗಿರುವ ಸಂಗತಿಯೆಂದರೆ, ಈ ರೈಫಲ್‌ನಲ್ಲಿ ಅಂದವನ್ನೂ ಕೆಲಸದ ಗುಣವನ್ನೂ ಬೇರೆ ಬೇರೆಯಾಗಿ ತೂಗಲು ಆಗುವುದಿಲ್ಲ. ಕಣ್ಣಿಗೆ ಒರಟಾಗಿ ಕಂಡ ಜಾಗವನ್ನು ಬಿಚ್ಚಿ ನೋಡಿದಾಗಲೆಲ್ಲ ಬಹುಮಟ್ಟಿಗೆ ಅಲ್ಲಿಯೇ ಯಾರೋ ಕೆಲಸ ಉಳಿಸಿದ್ದು ಕಾಣಿಸಿದೆ.

ಮೊದಲು ಅಂದದ ಮಾತು. ಬೋಲ್ಟ್ ಎಂದರೆ ನಳಿಗೆಯ ಹಿಂಬಾಯಿಯನ್ನು ಮುಚ್ಚುವ ಉಕ್ಕಿನ ತುಂಡು. ಅದನ್ನು ಕೈಯಿಂದಲೇ ಹಿಂದೆ ಮುಂದೆ ಎಳೆಯುವ ಬೋಲ್ಟ್ ಆ್ಯಕ್ಷನ್ ರೈಫಲ್‌ನ ಬಲಗಡೆಗೆ ಒಂದು ಹಿಡಿ ಚಾಚಿಕೊಂಡಿರುತ್ತದೆ, ಲಿವರ್ ರೈಫಲ್‌ನಲ್ಲಿ ಅದಿಲ್ಲ. ಈ ಅಂಗಗಳನ್ನೆಲ್ಲ ಒಳಗಿಟ್ಟುಕೊಂಡಿರುವ ನಡುವಿನ ಲೋಹದ ಪೆಟ್ಟಿಗೆ, ಅಂದರೆ ರಿಸೀವರ್‌ನ ಎರಡು ಪಕ್ಕಗಳೂ ಚಪ್ಪಟೆಯಾಗಿ, ತೆಳುವಾಗಿ ಇರುತ್ತವೆ. ತೂಕ ಸರಿಸಮವಾಗಿ ನಿಲ್ಲುವ ಜಾಗವೂ ಅಲ್ಲೇ ಹತ್ತಿರದಲ್ಲಿರುವುದರಿಂದ ಅಂಗೈ ಅದನ್ನು ಪೂರ್ತಿಯಾಗಿ ಸುತ್ತಿ ಹಿಡಿಯುತ್ತದೆ. ಕೆಳಗಿನ ಬಳೆಯಂಥ ಲಿವರ್ ಟ್ರಿಗರ್‌ಗೆ ಕಾವಲೂ ಹೌದು, ಖಾಲಿ ತೋಟೆಯನ್ನು ಹೊರಗೆಸೆದು ಹೊಸದನ್ನು ಒಳಗೆ ತರುವ ಸಾಧನವೂ ಹೌದು. ನಳಿಗೆಯ ಕೆಳಗೆ ಅದರಷ್ಟೇ ಉದ್ದಕ್ಕೆ ತೋಟೆಗಳನ್ನು ತುಂಬಿಡುವ ಮ್ಯಾಗಜೀನ್ ಕೊಳವೆ ಸಾಗಿದಾಗ ಎರಡು ಸಮಾನಾಂತರ ಗೆರೆಗಳು ಮೂಡಿ, ಕಣ್ಣು ತಾನಾಗಿ ಮುಂದಕ್ಕೆ ಹರಿಯುತ್ತದೆ. ಇವುಗಳಲ್ಲಿ ಯಾವುದನ್ನೂ ಅಲಂಕಾರಕ್ಕೆಂದು ಸೇರಿಸಿದ್ದಲ್ಲ.

ಈ ರೂಪವೂ ಒಂದೇ ಏಟಿಗೆ ಬಂದದ್ದಲ್ಲ. 1860ರ ಹೆನ್ರಿ ರೈಫಲ್‌ಗೆ ಮುಂದಿನ ಕೈ ಹಿಡಿಯುವಲ್ಲಿ ಮರವೇ ಇರಲಿಲ್ಲ. ಅದರ ಮ್ಯಾಗಜೀನ್ ಕೊಳವೆಯ ಕೆಳಗೆ ಉದ್ದಕ್ಕೂ ಒಂದು ಸೀಳಿತ್ತು, ಆ ಸೀಳಿನಲ್ಲಿ ಒಂದು ಗುಬಟು ಜಾರುತ್ತಿತ್ತು. ಹೀಗಾಗಿ ನಾಲ್ಕಾರು ಗುಂಡು ಹಾರಿಸಿದ ಮೇಲೆ ಬಿಸಿಯಾದ ನಳಿಗೆಯನ್ನೇ ಹಿಡಿಯಬೇಕಾಗುತ್ತಿತ್ತು, ಸೀಳಿನೊಳಗೆ ಮಣ್ಣು ಕಸ ಸೇರುತ್ತಿತ್ತು. ವಿಂಚೆಸ್ಟರ್ ಎಂಬ ಅಮೆರಿಕದ ಸಂಸ್ಥೆಯ 1866ರ ರೈಫಲ್‌ನಲ್ಲಿ ಅಲ್ಲಿನ ನೆಲ್ಸನ್ ಕಿಂಗ್ ರಿಸೀವರ್‌ನ ಬಲಪಕ್ಕಕ್ಕೆ ಸ್ಪ್ರಿಂಗ್ ಬಾಗಿಲೊಂದನ್ನು ಇಟ್ಟು ತೋಟೆಯನ್ನು ಅಲ್ಲಿಂದಲೇ ತುಂಬುವ ದಾರಿ ಮಾಡಿದ ಮೇಲೆ ಕೊಳವೆಯನ್ನು ಪೂರ್ತಿ ಮುಚ್ಚಲು ಸಾಧ್ಯವಾಯಿತು, ಮುಂದೆ ಮರ ಕೂರಿಸಲೂ ಜಾಗ ಸಿಕ್ಕಿತು. ನಾವು ಇಂದು ಲಿವರ್ ರೈಫಲ್ ಎಂದೊಡನೆ ಕಣ್ಣಮುಂದೆ ತಂದುಕೊಳ್ಳುವ ಆಕಾರ ಈ ಕೊರತೆಯನ್ನು ನೀಗಿದ್ದರಿಂದ ಹುಟ್ಟಿದ್ದು.

ವಿಂಚೆಸ್ಟರ್‌ನ 1873ರ ಮಾದರಿಯನ್ನು ಬಹಳ ಜನ ಅತ್ಯಂತ ಸುಂದರವಾದುದೆಂದು ಮೆಚ್ಚುತ್ತಾರೆ. ನನಗೂ ಅದರ ಮೇಲೆ ಪ್ರೀತಿಯಿದೆ, ಅದರ ಲಿವರ್‌ನ ನಡೆ ಬೆಣ್ಣೆಯಲ್ಲಿ ಕೈಯಾಡಿಸಿದಷ್ಟು ನುಣುಪು. ಆದರೆ ಅದರ ಬೋಲ್ಟನ್ನು ಹಿಂದಿನಿಂದ ತಡೆದು ನಿಲ್ಲಿಸುವುದು ಮೊಣಕಾಲಿನ ಕೀಲಿನಂತೆ ಮಡಚಿ ನೆಟ್ಟಗಾಗುವ ಒಂದು ಜೋಡಣೆ, ಅದು ದೊಡ್ಡ ತೋಟೆಯ ಒತ್ತಡಕ್ಕೆ ಹೇಳಿದ್ದಲ್ಲ. ಆ ಮಿತಿಯನ್ನು ದಾಟಿದವರು ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್. ಅವರ ವಿನ್ಯಾಸದಿಂದ ಬಂದ 1886ರ ಮಾದರಿಯಲ್ಲಿ ಎರಡು ಉಕ್ಕಿನ ಪಟ್ಟಿಗಳು ಕೆಳಗಿನಿಂದ ನೇರವಾಗಿ ಮೇಲೆದ್ದು ಬೋಲ್ಟ್ ಮತ್ತು ರಿಸೀವರ್ ಎರಡರಲ್ಲೂ ಕೊರೆದ ತೋಡುಗಳಲ್ಲಿ ಒಟ್ಟಿಗೆ ಕೂತು ಬೀಗ ಹಾಕುತ್ತವೆ. ಹಾಗಾಗಿ .45-70ರಂಥ ದೊಡ್ಡ ತೋಟೆಯನ್ನೂ ಅದು ತಾಳಿಕೊಂಡಿತು. ಅದನ್ನೇ ಕಿರಿದು ಮಾಡಿ, ಸಣ್ಣ ತೋಟೆಗಳಿಗೆಂದು 1892ರ ಮಾದರಿಯನ್ನು ತಂದರು.

ಒಂದನ್ನೇ ಆರಿಸು ಎಂದರೆ ನಾನು 1892ನ್ನೇ ಆರಿಸುತ್ತೇನೆ, ಕಾರಣ ಹೀಗಿದೆ. ರೈಫಲ್ ಖಾಲಿಯಿದೆ ಎಂದು ಎರಡು ಬಾರಿ ನೋಡಿಕೊಂಡು, ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಲಿವರನ್ನು ನಿಧಾನವಾಗಿ ಮುಚ್ಚುತ್ತಾ ರಿಸೀವರ್‌ನ ಹಿಂಭಾಗವನ್ನು ಮೇಲಿನಿಂದ ನೋಡಬೇಕು. ಬೋಲ್ಟ್ ಮುಂದಕ್ಕೆ ಹೋಗಿ ನಿಲ್ಲುತ್ತಿದ್ದಂತೆ ಅದರ ಎಡಕ್ಕೊಂದು ಬಲಕ್ಕೊಂದು ಪಟ್ಟಿ ಮೇಲೇರಿ ಬರುತ್ತದೆ, ಲಿವರ್ ಹಿಡಿಗೆ ತಾಗುವ ಕೊನೆಯ ಕ್ಷಣದಲ್ಲಿ ರಿಸೀವರ್‌ನ ಮೇಲ್ಮೈಗೆ ಸಮನಾಗಿ ನಿಲ್ಲುತ್ತದೆ. ಗೆಳೆಯರ ಬಳಿ ಇದ್ದ ಹಳೆಯ ರೈಫಲ್‌ನಲ್ಲಿ ಆ ಪಟ್ಟಿಗಳ ಮೇಲೆ ಉಗುರು ಎಳೆದೆ, ಎಲ್ಲಿ ರಿಸೀವರ್ ಮುಗಿದು ಪಟ್ಟಿ ಶುರುವಾಗುತ್ತದೆ ಎಂಬುದು ಉಗುರಿಗೆ ತಿಳಿಯಲೇ ಇಲ್ಲ. ಗಣಕದ ನೆರವಿಲ್ಲದ ಮಿಲ್ಲಿಂಗ್ ಯಂತ್ರದಲ್ಲಿ ಕಡೆದು, ಅರದಿಂದ ಒಂದೊಂದನ್ನೇ ಅದರದರ ಜಾಗಕ್ಕೆ ಹೊಂದಿಸಿದ ಕೆಲಸ ಅದು. ಫಿಟ್ಟರ್ ಆದವನು ಅದನ್ನು ಮುಟ್ಟಿ ಸುಮ್ಮನಿರಲು ಸಾಧ್ಯವಿಲ್ಲ.

1894ರ ಮಾದರಿ ಇವೆಲ್ಲಕ್ಕಿಂತ ಹೆಚ್ಚು ಕೈಗಳನ್ನು ತಲುಪಿತು. ಎಪ್ಪತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಹೊಗೆರಹಿತ ಮದ್ದಿನ .30-30 ತೋಟೆ ಅದಕ್ಕೆ 1895ರಲ್ಲಿ ಬಂದಿತು. ಮುಚ್ಚಿದಾಗ ಅದರಷ್ಟು ತೆಳ್ಳಗಿನ, ಹಗುರವಾದ ನೋಟ ಬೇರೆ ಯಾವುದಕ್ಕೂ ಇಲ್ಲ. ತೆರೆದಾಗ ಮಾತ್ರ ರಿಸೀವರ್‌ನ ತಳವೇ ಲಿವರ್ ಜೊತೆ ಕೆಳಕ್ಕೆ ಇಳಿದು, ಒಳಗಿನ ಅಂಗಗಳೆಲ್ಲ ಜೋತುಬಿದ್ದಂತೆ ಕಾಣುತ್ತದೆ. ಉದ್ದನೆಯ ತೋಟೆಯನ್ನು ಚಿಕ್ಕ ರಿಸೀವರ್‌ನಲ್ಲಿ ಆಡಿಸಲು ಮಾಡಿದ ಜಾಣ ಉಪಾಯವೇ ಅದು, ಆದರೂ ನನ್ನ ಕಣ್ಣಿಗೆ 1892ರ ಬಿಗಿ ಅಲ್ಲಿ ಕಾಣುವುದಿಲ್ಲ. ಮಾರ್ಲಿನ್ ಎಂಬ ಇನ್ನೊಂದು ಅಮೆರಿಕದ ಸಂಸ್ಥೆಯ ರೈಫಲ್‌ಗಳ ದಾರಿ ಬೇರೆ. ಮೇಲ್ಭಾಗ ಪೂರ್ತಿ ಮುಚ್ಚಿದ್ದು, ಖಾಲಿ ತೋಟೆ ಪಕ್ಕಕ್ಕೆ ಹಾರುತ್ತದೆ. 1948ರಲ್ಲಿ ಬಂದ ಅದರ 336 ಮಾದರಿಯಲ್ಲಿ ಬೋಲ್ಟ್ ದುಂಡಗಿದೆ, ನೋಟದಲ್ಲಿ ತುಸು ದಪ್ಪನೆಯ ರೈಫಲ್. ಆದರೆ ಲಿವರ್‌ನ ಒಂದೇ ಒಂದು ತಿರುಪನ್ನು ತೆಗೆದರೆ ಲಿವರೂ ಬೋಲ್ಟೂ ಕೈಗೆ ಬರುತ್ತವೆ, ನಳಿಗೆಯನ್ನು ಹಿಂದಿನಿಂದಲೇ ಸ್ವಚ್ಛ ಮಾಡಬಹುದು. ಅಷ್ಟು ಸರಳವಾಗಿ ಯೋಚಿಸಿದ ಯಂತ್ರಕ್ಕೆ ನಾನು ಕೈಮುಗಿಯುತ್ತೇನೆ. ಗುಂಡು ಹಾರಿಸಲು ಬಡಿಯುವ ಹ್ಯಾಮರ್ ಹೊರಗೆ ಕಾಣದ, ತೋಟೆಗಳು ಚಕ್ರದಂತೆ ಸುತ್ತ ಕೂರುವ ಸುತ್ತು ಮ್ಯಾಗಜೀನ್ ಇರುವ ಸ್ಯಾವೇಜ್ 99 ಎಂಬ ರೈಫಲನ್ನು ಗೆಳೆಯರು ಒಪ್ಪುವುದಿಲ್ಲ, ಹ್ಯಾಮರ್ ಕಾಣದಿದ್ದರೆ ಅದು ಲಿವರ್ ರೈಫಲ್ಲೇ ಅಲ್ಲ ಎನ್ನುತ್ತಾರೆ. ನನಗೆ ಅದರ ಬಾಗು ಬಹಳ ಇಷ್ಟ. ಕೊಳವೆಯಲ್ಲಿ ತೋಟೆಗಳು ಒಂದರ ಬೆನ್ನಿಗೆ ಇನ್ನೊಂದರ ಮೂಗು ಒತ್ತಿ ನಿಲ್ಲುವುದರಿಂದ ಚೂಪು ಮೂಗಿನ ಗುಂಡು ಮುಂದಿನ ತೋಟೆಯನ್ನು ಸಿಡಿಸುವ ಅಪಾಯವಿದೆ. ಸುತ್ತು ಮ್ಯಾಗಜೀನ್‌ನಲ್ಲಿ ಆ ತೊಡಕಿಲ್ಲ, ಅದರ ಹೊಟ್ಟೆಯ ದುಂಡು ಬಂದಿರುವುದೂ ಅದಕ್ಕೇ.

ಹಳೆಯದು ಮೇಲೋ ಹೊಸದು ಮೇಲೋ ಎಂಬಲ್ಲಿ ಎಲ್ಲರೂ 1964ರ ಗೆರೆಯನ್ನು ಎಳೆಯುತ್ತಾರೆ. ಆ ಗೆರೆಗೆ ಆಧಾರವಿದೆ. ಕೈಕೆಲಸದ ಖರ್ಚು ಏರಿ, ವಿಂಚೆಸ್ಟರ್ ಸಂಸ್ಥೆ ಆ ವರ್ಷ ತನ್ನ ರೈಫಲ್‌ಗಳ ತಯಾರಿಕೆಯನ್ನು ಅಗ್ಗದ ದಾರಿಗೆ ತಿರುಗಿಸಿತು. 1894ರ ಮಾದರಿಯಲ್ಲಿ ತೋಟೆಯನ್ನು ಮೇಲೆತ್ತುವ ಅಂಗವನ್ನು ಗಟ್ಟಿ ಉಕ್ಕಿನಲ್ಲಿ ಕಡೆಯುವ ಬದಲು ತಗಡನ್ನು ಒತ್ತಿ ಮಾಡಿದರು, ಕೆಲವು ಗಟ್ಟಿ ಪಿನ್ನುಗಳ ಜಾಗಕ್ಕೆ ಟೊಳ್ಳು ಪಿನ್ನುಗಳು ಬಂದವು, ರಿಸೀವರ್‌ನ ಲೋಹವೂ ಬದಲಾಯಿತು. ಆ ಲೋಹಕ್ಕೆ ಮಾಮೂಲಿ ಬ್ಲೂಯಿಂಗ್, ಅಂದರೆ ಉಕ್ಕಿಗೆ ಕೊಡುವ ನೀಲಿಗಪ್ಪು ಬಣ್ಣ, ಹಿಡಿಯುವುದಿಲ್ಲ. ಅದಕ್ಕೇ ಆ ಕಾಲದ ರೈಫಲ್‌ಗಳಲ್ಲಿ ನಳಿಗೆ ಒಂದು ಬಣ್ಣ, ರಿಸೀವರ್ ಇನ್ನೊಂದು ಬಣ್ಣವಾಗಿರುವುದನ್ನು ಈಗಲೂ ಕಾಣಬಹುದು. ಒಳಗಿನ ಉಳಿತಾಯ ಹೊರಗಿನ ಬಣ್ಣದಲ್ಲಿ ಹೀಗೆ ಬಯಲಾಗುತ್ತದೆ. ಹಾಗೆಂದು ಆ ರೈಫಲ್‌ಗಳು ಕೆಲಸ ಮಾಡುವುದಿಲ್ಲ ಎನ್ನುವುದು ಅನ್ಯಾಯ. ಮುಂದಿನ ವರ್ಷಗಳಲ್ಲಿ ಸಂಸ್ಥೆ ಹಲವು ಅಂಗಗಳನ್ನು ಸರಿಪಡಿಸಿತು, ಮತ್ತು ಅವುಗಳಲ್ಲಿ ಎಷ್ಟೋ ಇಂದಿಗೂ ಬಳಕೆಯಲ್ಲಿವೆ.

ಹಳೆಯದೆಲ್ಲ ಚಿನ್ನ ಎಂಬ ಮಾತನ್ನೂ ನಾನು ಒಪ್ಪಲಾರೆ. ಹತ್ತೊಂಬತ್ತನೆಯ ಶತಮಾನದ ಎಷ್ಟೋ ನಳಿಗೆಗಳು ಹಳೆಯ ಕಪ್ಪು ಮದ್ದಿನ ಕಡಿಮೆ ಒತ್ತಡಕ್ಕೆ ಮಾಡಿದವು. ಇಂದಿನ ಉಕ್ಕು ಮತ್ತು ಅದಕ್ಕೆ ಶಾಖ ಕೊಡುವ ಕ್ರಮ ಖಂಡಿತವಾಗಿ ಉತ್ತಮ. ಜಪಾನಿನ ಮಿರೊಕು ಕಾರ್ಖಾನೆಯಲ್ಲಿ ತಯಾರಾಗುವ ಇಂದಿನ ವಿಂಚೆಸ್ಟರ್‌ಗಳಲ್ಲಿ ಮರ ಲೋಹಕ್ಕೆ ಕೂತಿರುವ ರೀತಿ ಬಹಳಷ್ಟು ಹಳೆಯ ರೈಫಲ್‌ಗಳನ್ನು ನಾಚಿಸುವಂತಿದೆ. ಮಾರ್ಲಿನ್‌ನ ಕಥೆ ಇದಕ್ಕೆ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. 2007ರ ಕೊನೆಯಲ್ಲಿ ಅದನ್ನು ರೆಮಿಂಗ್‌ಟನ್ ಕೊಳ್ಳುವುದೆಂದಾಯಿತು, ಮುಂದೆ ಕನೆಕ್ಟಿಕಟ್‌ನ ಹಳೆಯ ಕಾರ್ಖಾನೆ ಮುಚ್ಚಿ ಕೆಲಸ ನ್ಯೂಯಾರ್ಕ್ ರಾಜ್ಯಕ್ಕೆ ಹೋಯಿತು. ವಿನ್ಯಾಸ ಅದೇ ಇದ್ದರೂ ಆ ಮೊದಲ ವರ್ಷಗಳ ರೈಫಲ್‌ಗಳ ಬಗ್ಗೆ ಬಳಸಿದವರಿಂದ ದೂರುಗಳು ಬಂದವು. 2020ರಲ್ಲಿ ರೂಗರ್ ಸಂಸ್ಥೆ ಅದನ್ನು ಕೊಂಡು ಉತ್ತರ ಕೆರೊಲಿನಾದಲ್ಲಿ ಮತ್ತೆ ತಯಾರಿಕೆ ಶುರು ಮಾಡಿದ ಮೇಲೆ ಹೆಸರು ಮರಳಿತು. ನಕ್ಷೆಯಲ್ಲಿ ಬರೆದಿರದ ಎಷ್ಟೋ ಸಂಗತಿಗಳು ಹಳಬರ ಬೆರಳುಗಳಲ್ಲಿ ಇರುತ್ತವೆ. ಯಂತ್ರ ಹೊಸ ಊರಿಗೆ ಹೋದರೆ ಅವೂ ಜೊತೆಗೆ ಹೋಗುವುದಿಲ್ಲ ಎಂಬುದನ್ನು ನಾನು ನಮ್ಮ ಟೂಲ್‌ರೂಮಿನಲ್ಲೂ ಕಂಡಿದ್ದೇನೆ.

ಮರದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಹೆಚ್ಚಿನವರು ವಾಲ್‌ನಟ್ ಮರದ ಎಳೆಗಳ ಚಿತ್ತಾರವನ್ನು ನೋಡಿ ಅಲ್ಲಿಗೇ ನಿಲ್ಲುತ್ತಾರೆ. ನೋಡಬೇಕಾದದ್ದು ಮರ ರಿಸೀವರ್‌ಗೆ ತಾಗುವ ಗೆರೆಯನ್ನು. ಲಿವರ್ ರೈಫಲ್‌ನಲ್ಲಿ ಹಿಂಬದಿಯ ಮರವನ್ನು ರಿಸೀವರ್‌ನ ಬಾಲದಂತೆ ಹಿಂದಕ್ಕೆ ಚಾಚಿದ ಲೋಹದ ನಾಲಗೆಗಳ ನಡುವೆ ಕೂರಿಸುತ್ತಾರೆ, ಗುಂಡು ಹಾರಿದಾಗಿನ ಹಿಂದೊದೆತವನ್ನೆಲ್ಲ ಆ ಸಂದಿಯೇ ಹೊರಬೇಕು. ಲೋಹ ಎಲ್ಲ ಕಡೆ ಸಮನಾಗಿ ತಾಗಿದ್ದರೆ ಭಾರ ಹಂಚಿಹೋಗುತ್ತದೆ. ಒಂದೇ ಮೂಲೆಯಲ್ಲಿ ತಾಗಿದ್ದರೆ ಅಲ್ಲಿಂದಲೇ ಕೂದಲೆಳೆಯಂಥ ಬಿರುಕು ಹೊರಟು ಮಣಿಕಟ್ಟಿನಷ್ಟು ತೆಳ್ಳಗಿರುವ ಹಿಡಿಯ ಉದ್ದಕ್ಕೆ ಹರಿಯುತ್ತದೆ. ಒಮ್ಮೆ ಹೊಚ್ಚಹೊಸ ರೈಫಲ್ ಒಂದನ್ನು ಕೈಗೆತ್ತಿಕೊಂಡೆ, ತಯಾರಕರ ಹೆಸರು ಇಲ್ಲಿ ಬೇಡ. ಎಡಪಕ್ಕದಲ್ಲಿ ಮರ ಲೋಹಕ್ಕಿಂತ ಎತ್ತರಕ್ಕೆ ಉಬ್ಬಿತ್ತು, ಬಲಪಕ್ಕದ ಸಂದಿಯಲ್ಲಿ ಮಡಚಿದ ಕಾಗದ ಸಲೀಸಾಗಿ ಹೋಗುತ್ತಿತ್ತು. ಲಿವರ್‌ನ ಒಳ ಅಂಚನ್ನು ಯಾರೂ ತೀಡಿರಲಿಲ್ಲ, ಹತ್ತು ಬಾರಿ ಆಡಿಸುವಷ್ಟರಲ್ಲಿ ನಡುಬೆರಳಿನ ಗಿಣ್ಣಿನ ಚರ್ಮ ಕೆಂಪಾಯಿತು. ದೂರದಿಂದ ನೋಡಿದರೆ ಅದರಷ್ಟು ಮಿಂಚುವ ರೈಫಲ್ ಆ ಸಾಲಿನಲ್ಲಿ ಇನ್ನೊಂದಿರಲಿಲ್ಲ. ಅಂಥ ಕೆಲಸ ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ, ಏಕೆಂದರೆ ಅದನ್ನು ಸರಿಪಡಿಸಲು ಬೇಕಾದದ್ದು ಇನ್ನು ಅರ್ಧ ಗಂಟೆಯ ಕೈಕೆಲಸ ಮಾತ್ರ.

ಲೋಹದ ಮೇಲ್ಮೈಯಲ್ಲೂ ಇದೇ ಎಚ್ಚರ ಬೇಕು. ಒಳ್ಳೆಯ ಪಾಲಿಶ್ ಎಂದರೆ ಹೊಳಪಲ್ಲ, ಸಪಾಟುತನ. ರಿಸೀವರ್‌ನ ಪಕ್ಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಬೆಳಕಿನ ಗೆರೆ ಬಾಗದೆ ಸಾಗಬೇಕು. ಅದು ಅಲೆಯಂತೆ ಕುಣಿದರೆ, ತಿರುಪಿನ ರಂಧ್ರಗಳ ಅಂಚು ತಟ್ಟೆಯಂತೆ ತಗ್ಗಾಗಿದ್ದರೆ, ಕೆತ್ತಿದ ಅಕ್ಷರಗಳ ಅಂಚು ಕರಗಿದಂತಿದ್ದರೆ, ಮೆತ್ತನೆಯ ಚಕ್ರಕ್ಕೆ ಹಿಡಿದು ಅವಸರದಲ್ಲಿ ಉಜ್ಜಿದ್ದಾರೆ ಎಂದರ್ಥ. ನೀಲಿ, ಕಂದು, ಬೂದು ಬಣ್ಣಗಳು ಮೋಡದಂತೆ ಹರಡಿರುವ ಕೇಸ್ ಹಾರ್ಡನಿಂಗ್ ಮೇಲ್ಮೈಗೆ ಬಹಳ ಜನ ಮನಸೋಲುತ್ತಾರೆ. ಎಲುಬು ಮತ್ತು ಮರದ ಇದ್ದಿಲಿನ ಪುಡಿಯಲ್ಲಿ ಅಂಗವನ್ನು ಹುದುಗಿಸಿ, ಕೆಂಪಗೆ ಕಾಸಿ, ನೀರಿಗೆ ಇಳಿಸಿದಾಗ ಮೇಲ್ಪದರ ಗಟ್ಟಿಯಾಗುತ್ತದೆ, ಬಣ್ಣ ಅದರ ಜೊತೆಗೆ ಬರುವ ಕೊಡುಗೆ. ಬರೀ ರಾಸಾಯನಿಕ ಬಳಿದು ಅದೇ ಬಣ್ಣವನ್ನು ತರುವವರೂ ಇದ್ದಾರೆ, ಅಲ್ಲಿ ಗಟ್ಟಿತನ ಆ ಬಣ್ಣದಿಂದ ಬಂದಿರುವುದಿಲ್ಲ. ನಿಜವಾದ ಬಣ್ಣವೂ ಬಿಸಿಲಿಗೆ, ಕೈ ಸವೆತಕ್ಕೆ ಮಾಸುತ್ತದೆ, ಮಾಸಿದ ಮೇಲೆ ಉಳಿಯುವ ಬೂದು ಬಣ್ಣ ನನಗೆ ಇನ್ನೂ ಹೆಚ್ಚು ಇಷ್ಟ.

ಹಿತ್ತಾಳೆಯ ಬಣ್ಣದ ರಿಸೀವರ್ ಬಗ್ಗೆಯೂ ಕೇಳಿದ್ದೀರಿ. ಹೆನ್ರಿ ಮತ್ತು 1866ರ ಮಾದರಿಗಳಲ್ಲಿ ಬಳಸಿದ್ದು ತಾಮ್ರಕ್ಕೆ ತವರ ಬೆರೆಸಿದ, ಕಂಚಿನ ಜಾತಿಯ ಲೋಹ. ಅಂದಿನ ದುರ್ಬಲ ತೋಟೆಗಳಿಗೆ ಅದು ಸಾಕಾಗಿತ್ತು, ಎರಕ ಹೊಯ್ಯಲೂ ಕಡೆಯಲೂ ಸುಲಭವಾಗಿತ್ತು, ತುಕ್ಕು ಹಿಡಿಯುತ್ತಿರಲಿಲ್ಲ. ಆ ರೈಫಲ್‌ಗಳ ಮೇಲೆ ಆ ಬಣ್ಣ ನ್ಯಾಯವಾಗಿ ಕೂರುತ್ತದೆ. ಇಂದು ಕನ್ನಡಿಯಂತೆ ತಿಕ್ಕಿ ಮಾರುವ ಹಳದಿ ರಿಸೀವರ್‌ಗಳು ನನಗೆ ಒಗ್ಗುವುದಿಲ್ಲ, ಬೆರಳಿನ ಗುರುತು ಬಿದ್ದರೂ ಎದ್ದು ಕಾಣುತ್ತದೆ, ಆಕಾರದ ಗೆರೆಗಳು ಹೊಳಪಿನಲ್ಲಿ ಮುಳುಗಿಹೋಗುತ್ತವೆ. ಅದನ್ನು ತಿಕ್ಕದೆ ಬಿಟ್ಟು, ಜೇನಿನ ಬಣ್ಣಕ್ಕೆ ತಿರುಗಲು ಬಿಟ್ಟವರ ರೈಫಲ್ ನೋಡಿದಾಗ ಮಾತ್ರ ನನ್ನ ಅಭಿಪ್ರಾಯ ಮೆತ್ತಗಾಗುತ್ತದೆ. ಮರದ ಬದಲು ಕಪ್ಪು ಪಾಲಿಮರ್ ತೊಡಿಸಿದ ಈಚಿನ ರೂಪಗಳು ಮಳೆ ಕೆಸರಿಗೆ ಹೆದರುವುದಿಲ್ಲ, ಅದು ಬೇಕಾದವರು ಅದನ್ನೇ ಕೊಳ್ಳಲಿ.

ನೀವು ಕೈಗೆತ್ತಿಕೊಳ್ಳುವ ದಿನ, ಮಾದರಿಯ ಹೆಸರು ಮತ್ತು ಇಸವಿಯನ್ನು ಆಮೇಲೆ ಕೇಳಿ. ಮೊದಲು ಖಾಲಿಯಿದೆಯೇ ಎಂದು ನೋಡಿ, ಹಿಂದಿನಿಂದ ಕಣ್ಣಿಟ್ಟು ಮುಂದಿನ ಗುರಿಮೊಳೆ ರಿಸೀವರ್‌ಗೆ ನೆಟ್ಟಗಿದೆಯೇ ಪರೀಕ್ಷಿಸಿ, ಏಕೆಂದರೆ ನಳಿಗೆಯನ್ನು ತಿರುಗಿಸಿ ಕೂರಿಸುವಾಗ ತುಸು ಹೆಚ್ಚು ಕಡಿಮೆಯಾದರೂ ಅದು ಓರೆಯಾಗುತ್ತದೆ. ತಿರುಪುಗಳ ತಲೆಯ ಸೀಳು ನೋಡಿ, ಅದರ ಅಂಚು ಚೂಪಾಗಿದ್ದರೆ ಹಿಂದಿನವರು ಸರಿಯಾದ ಸಲಕರಣೆಯಿಂದ ಬಿಚ್ಚಿದ್ದಾರೆ. ಮರದ ಸಂದಿಯ ಮೇಲೆ ಉಗುರು ಎಳೆಯಿರಿ. ಆಮೇಲೆ ಲಿವರನ್ನು ಪೂರ್ತಿ ತೆರೆದು, ಹೆಬ್ಬೆರಳಿನ ಬಲದಲ್ಲಷ್ಟೇ ನಿಧಾನವಾಗಿ ಮುಚ್ಚುತ್ತಾ, ಎಲ್ಲಿ ತಡೆಯುತ್ತದೆ, ಎಲ್ಲಿ ಸಡಿಲವಾಗುತ್ತದೆ, ಕೊನೆಯಲ್ಲಿ ಬೀಗ ಕೂರುವ ಸದ್ದು ಒಂದೇ ಆಗಿ ಕೇಳುತ್ತದೆಯೋ ಎರಡಾಗಿ ಕೇಳುತ್ತದೆಯೋ ಗಮನಿಸಿ. 1886, 1892ರ ಜಾತಿಯಲ್ಲಿ ಎರಡು ಪಟ್ಟಿಗಳೂ ಸರಿಯಾಗಿ ಹೊಂದಿದ್ದರೆ ಆ ಸದ್ದು ಒಂದೇ ಇರುತ್ತದೆ.